ದುರಸ್ತಿಯ ಕನ್ನಡ

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಯ ಆಂಪ್ಲಿಫೈಯರ್ ಕೆಟ್ಟಿತು. ಸಾಹಿತ್ಯದ ಪುಟದಲ್ಲಿ ಈ ಸಮಾಚಾರಕ್ಕೇನು ಕೆಲಸವೆಂದು ವಾಚಕರು ಕೇಳಿದರೆ ತಪ್ಪಿಲ್ಲ. ಅದನ್ನು ಸರಿಪಡಿಸಲು ಹೋಗಿ ನಾನು ಪಟ್ಟ ಪಾಡನ್ನು ಹೇಳಿ ನಗಿಸುವುದು ನನ್ನ ಉದ್ದೇಶವಲ್ಲ. ಹರಟೆಗೆ ಅದು ಒಳ್ಳೆಯ ವಸ್ತುವೇ ಆದರೂ ಆ ಕೈ ನನಗಿಲ್ಲ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಗದ್ಯವನ್ನು ಪಾಠ ಹೇಳಿದ ನನಗೆ, ಆ ಹದಿನೈದು ದಿನಗಳಲ್ಲಿ ನಮ್ಮ ಗದ್ಯದ ಒಂದು ಕೊರತೆ ಕೈ ಸುಟ್ಟುಕೊಂಡಂತೆ ತಿಳಿಯಿತು. ಅದನ್ನು ಕುರಿತು ನಾಲ್ಕು ಮಾತು.

ಯಂತ್ರವು 1987ರದು. ತಂದೆಯವರು ಹೈಸ್ಕೂಲು ಮೇಷ್ಟರಾಗಿದ್ದಾಗ ಕಂತಿನ ಮೇಲೆ ಕೊಂಡದ್ದು. ಕ್ಯಾಸೆಟ್ ಹೋಯಿತು, ಸಿ.ಡಿ. ಬಂದು ಅದೂ ಹೋಯಿತು. ಈಗ ಮೊಮ್ಮಗಳ ಮೊಬೈಲಿನಿಂದ ಒಂದು ತಂತಿ ಎಳೆದು ಅದಕ್ಕೆ ಸಂಗೀತ ಊಡುತ್ತೇವೆ. ಎಂಬತ್ತು ದಾಟಿದ ತಂದೆಯವರಿಗೆ ಕಿವಿ ಮಂದವಾಗಿದೆ. ಮೊಬೈಲಿನ ಸಣ್ಣ ದನಿ ಅವರಿಗೆ ಮುಟ್ಟುವುದಿಲ್ಲ. ಕಿವಿಗೆ ಸಿಕ್ಕಿಸುವ ಯಂತ್ರವನ್ನು ಅವರು ಒಲ್ಲರು. ಸಂಜೆ ಒಂದು ಗಂಟೆ ಆ ಎರಡು ದೊಡ್ಡ ಪೆಟ್ಟಿಗೆಗಳ ಮುಂದೆ ಕುಳಿತು ಮಲ್ಲಿಕಾರ್ಜುನ ಮನಸೂರರನ್ನು ಕೇಳುವುದೇ ಅವರಿಗೆ ಉಳಿದಿರುವ ಸುಖ. ಹೀಗಿರಲು ಅದು ನಿಂತದ್ದು ಮನೆಯಲ್ಲಿ ಸಣ್ಣ ಸಂಗತಿಯಾಗಲಿಲ್ಲ. "ಹೊಸದು ತರೋಣ" ಎಂದೆ. "ಇದಕ್ಕೇನಾಗಿದೆ ಅಂತ ನೋಡಿದೆಯೇನೋ?" ಎಂದರು. ನೋಡಿರಲಿಲ್ಲ.

ಮುಚ್ಚಳ ಬಿಚ್ಚಿದೆ. ಬಲಗಡೆಯ ಚಾನಲಿನ ಫ್ಯೂಸ್ ಹೋಗಿತ್ತು. ಅದೇ ಅಳತೆಯ ಇನ್ನೊಂದನ್ನು ಹಾಕಿದೆ, ಅದೂ ಹೋಯಿತು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತಿ ಪಾರಾಗುವ ನಮ್ಮ ದೇಶೀ ಸಂಪ್ರದಾಯಕ್ಕೆ ನಾನು ಶರಣಾಗಲಿಲ್ಲವೆಂಬುದೊಂದೇ ಆ ದಿನ ನಾನು ಮಾಡಿದ ಜಾಣತನ. ಆಗ ಮುಚ್ಚಳದ ಒಳಮೈಗೆ ಅಂಟಿಸಿದ್ದ ಒಂದು ಚೀಟಿ ಕಣ್ಣಿಗೆ ಬಿತ್ತು. ಪೆನ್ಸಿಲಿನ ಬರಹ, ದುಂಡಾದ ಅಕ್ಷರ: "ಬಯಾಸ್ ಪ್ರೀಸೆಟ್ ತಿರುಗಿಸಬೇಡಿ. ಸರಿ ಇದೆ. 12-3-94." ಸಹಿಯಿಲ್ಲ. ಹಿಂದೊಮ್ಮೆ ರಿಪೇರಿ ಮಾಡಿದ ಯಾರೋ ಬರೆದಿಟ್ಟದ್ದು. ಅದನ್ನು ಓದಿದೆ, ಬಯಾಸ್ ಎಂದರೇನೆಂದು ತಿಳಿಯದೆ ಬಿಟ್ಟೆ. ಈ ಚೀಟಿಗೆ ಆಮೇಲೆ ಬರುತ್ತೇನೆ.

ಓದುವ ಕಸುಬಿನವನು ಕಷ್ಟ ಬಂದಾಗ ಪುಸ್ತಕಕ್ಕೇ ಹೋಗುತ್ತಾನೆ. ಕಾಲೇಜಿನ ಪುಸ್ತಕಭಂಡಾರದಲ್ಲಿ ವಿದ್ಯುತ್ತು, ರೇಡಿಯೋ, ಅರೆವಾಹಕಗಳನ್ನು ಕುರಿತ ಏಳೆಂಟು ಕನ್ನಡ ಪುಸ್ತಕಗಳು ಸಿಕ್ಕವು. ಒಂದು ರಾತ್ರಿಯಲ್ಲಿ ಅವನ್ನೆಲ್ಲ ತಿರುವಿ ಹಾಕಿದೆ. ಶ್ರದ್ಧೆಯಿಂದ ಬರೆದ ಪುಸ್ತಕಗಳೇ; ಅನಾದರದ ಮಾತು ಆಡಲಾರೆ. ರೋಧಕ, ಧಾರಕ, ವರ್ಧಕ ಇವೆಲ್ಲ ಕಿವಿಗೆ ಹಿತವಾದ, ಕೆಲಸಕ್ಕೂ ಬರುವ ಪದಗಳು. ಆದರೆ ಆ ಪುಸ್ತಕಗಳಲ್ಲಿ ಯಾವ ಯಂತ್ರವೂ ಕೆಡುವುದಿಲ್ಲ! ಅವುಗಳ ವಾಕ್ಯದ ಮಾದರಿಯನ್ನು ನಾನೇ ಕಟ್ಟಿ ಹೇಳುವುದಾದರೆ ಹೀಗೆ: "ವರ್ಧಕದ ನಿರ್ಗಮನದಲ್ಲಿ ವರ್ಧಿತ ಸಂಕೇತವು ಪಡೆಯಲ್ಪಡುತ್ತದೆ." ಪಡೆಯುವವರು ಯಾರು? ಪಡೆಯಲ್ಪಡದಿದ್ದರೆ ಏನು ಮಾಡಬೇಕು? ಈ ಎರಡು ಪ್ರಶ್ನೆಗಳಿಗೆ ಆ ಕರ್ಮಣಿ ಪ್ರಯೋಗದಲ್ಲಿ ಸ್ಥಳವೇ ಇಲ್ಲ. ಅದು ಆರೋಗ್ಯವಂತ ಯಂತ್ರದ ವರ್ಣನೆ. ಅಷ್ಟಾದಶ ವರ್ಣನೆಗಳಿಗೆ ಹತ್ತೊಂಬತ್ತನೆಯದನ್ನು ಸೇರಿಸಿದಂತೆ.

ಪದದ ತೊಡಕು ಒಂದಿದೆ, ಹೇಳಿಯೇ ಮುಂದುವರಿಯುತ್ತೇನೆ. ಆಂಪ್ಲಿಫೈಯರಿಗೆ ಕನ್ನಡದಲ್ಲಿ ಧ್ವನಿವರ್ಧಕವೆನ್ನುತ್ತೇವೆ. ಆದರೆ ಗಣೇಶೋತ್ಸವದ ಕಾಲಕ್ಕೆ ಪೊಲೀಸರು ಧ್ವನಿವರ್ಧಕ ನಿಷೇಧಿಸಿದಾಗ ಅವರ ಮನಸ್ಸಿನಲ್ಲಿರುವುದು ಕಂಬಕ್ಕೆ ಕಟ್ಟಿದ ಕೊಳವೆ, ಎಂದರೆ ಸ್ಪೀಕರು. ವರ್ಧಿಸುವುದು ಒಂದು, ಹೆಸರು ಪಡೆದದ್ದು ಇನ್ನೊಂದು. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಧ್ವನಿಯನ್ನು ಕುರಿತು ಗ್ರಂಥ ಬರೆದು, ತನ್ನ ಹೆಸರಿನಲ್ಲೂ ವರ್ಧನವನ್ನಿಟ್ಟುಕೊಂಡವನು. ನಿಜವಾದ ಧ್ವನಿವರ್ಧಕ ಅವನೊಬ್ಬನೇ ಎಂದು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ಕೆಟ್ಟ ಪೆಟ್ಟಿಗೆಯ ಮುಂದೆ ಕುಳಿತವನಿಗೆ ಈ ಶ್ಲೇಷೆ ನಗೆ ತರುವುದಿಲ್ಲ. ಸ್ಪೀಕರು ಕೆಟ್ಟಿದೆಯೋ, ಅದಕ್ಕೆ ಬಲ ಕೊಡುವ ಪೆಟ್ಟಿಗೆ ಕೆಟ್ಟಿದೆಯೋ ಎಂಬುದು ದುರಸ್ತಿಯ ಮೊದಲ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳುವುದಕ್ಕೇ ನಮ್ಮ ಪದ ಅಡ್ಡ ಬರುತ್ತದೆ.

ಕನ್ನಡ ಕೈಕೊಟ್ಟಿತೆಂದು ಇಂಗ್ಲಿಷಿನ ಒಂದು ಆರಂಭಿಕರ ಕೈಪಿಡಿಯನ್ನು ಹಿಡಿದೆ. ಅದರಲ್ಲಿ ಕರ್ತೃವೂ ಇದ್ದ, ಕ್ರಿಯೆಯೂ ಇತ್ತು: ಮೀಟರನ್ನು ಡಯೋಡಿನ ಗುರುತಿಗೆ ತಿರುಗಿಸಿ, ಟ್ರಾನ್ಸಿಸ್ಟರಿನ ಕಾಲುಗಳ ನಡುವೆ ಅಳೆಯಿರಿ, ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟಿನಷ್ಟು ತೋರಿಸಿ ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸದಿದ್ದರೆ ಅದು ಬದುಕಿದೆ. ಎರಡು ದಿಕ್ಕಿನಲ್ಲೂ ಸೊನ್ನೆಯಾದರೆ ಸತ್ತಿದೆ, ಬದಲಾಯಿಸಿ. ಹಾಗೆಯೇ ಮಾಡಿದೆ. ಹೀಟ್ ಸಿಂಕಿನ ಮೇಲೆ ಕುಳಿತಿದ್ದ ದೊಡ್ಡ ಲೋಹದ ಟೋಪಿಯ ಎರಡು ಟ್ರಾನ್ಸಿಸ್ಟರುಗಳು, ಒಂದು 2ಎನ್3055, ಇನ್ನೊಂದು ಅದರ ಜೋಡಿಯಾದ ಎಂಜೆ2955, ಎರಡೂ ಸೊನ್ನೆ ತೋರಿಸಿದವು. ಹೊಸ ಜೋಡಿ ತಂದೆ. ಇವುಗಳ ಲೋಹದ ಮೈಯೇ ಕಲೆಕ್ಟರಾದ್ದರಿಂದ ಕೆಳಗೆ ಮೈಕಾ ಹಾಳೆಯಿಟ್ಟು, ಬಿಳಿಯ ಲೇಪ ಸವರಿ ಕೂರಿಸಬೇಕು. (ಮೈಕಾಕ್ಕೆ ಕನ್ನಡದಲ್ಲಿ ಕಾಗೆಬಂಗಾರವೆಂಬ ಎಷ್ಟು ಚೆಲುವಾದ ಮಾತಿದೆ! ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳಿದೆ. ಹುಡುಗ ನನ್ನ ಮುಖ ನೋಡಿದ.) ಒಂದು ಇಡೀ ಭಾನುವಾರ ಬೆಸುಗೆ ಹಾಕಿದೆ. ತಂದೆಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸ್ವಿಚ್ ಒತ್ತಿದೆ. ಐದಾರು ಕ್ಷಣ ಮೌನ, ಆಮೇಲೆ ಕಮಟು ವಾಸನೆ, ಫ್ಯೂಸ್ ಹೋಯಿತು. ಮೀಟರು ಹಿಡಿದು ನೋಡಿದರೆ ಹೊಸ ಜೋಡಿಯೂ ಸೊನ್ನೆ. ತಂದೆಯವರು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದರು. ಅನ್ನಬಾರದಿತ್ತೇ ಎನಿಸಿತು.

ಕೈಪಿಡಿಯಲ್ಲಿ ಸುಳ್ಳೇನೂ ಇರಲಿಲ್ಲವೆಂಬುದೇ ವಿಚಿತ್ರ. ಸತ್ತದ್ದನ್ನು ಗುರುತಿಸುವ ಬಗೆಯನ್ನು ಅದು ಸರಿಯಾಗಿಯೇ ಹೇಳಿತ್ತು. ಯಾಕೆ ಸತ್ತಿತೆಂದು ಕೇಳಬೇಕೆಂಬುದನ್ನು ಮಾತ್ರ ಹೇಳಿರಲಿಲ್ಲ.

ಅದನ್ನು ಹೇಳಿದವರು ಹಳೆಯ ಪೇಟೆಯ ಒಂದು ಓಣಿಯಲ್ಲಿ ನಲವತ್ತು ವರ್ಷದಿಂದ ಅಂಗಡಿಯಿಟ್ಟಿರುವ ಒಬ್ಬ ಮೆಕ್ಯಾನಿಕ್. ನನ್ನ ಕಥೆಯನ್ನೆಲ್ಲ ಕೇಳಿ ಅವರು ಹೇಳಿದ್ದು: "ಮೇಷ್ಟ್ರೇ, ಸತ್ತೋರನ್ನ ಎತ್ತಿ ಆಚೆ ಹಾಕಿದ್ರಿ, ಸರಿ. ಕೊಂದೋನು ಇನ್ನೂ ಒಳಗೇ ಇದಾನಲ್ಲ!" ಪೆಟ್ಟಿಗೆಯನ್ನು ಬಿಟ್ಟುಹೋಗಿ ಎಂದು ಅವರು ಹೇಳಬಹುದಿತ್ತು, ಹೇಳಲಿಲ್ಲ. ಏನು ಮಾಡಬೇಕೆಂದು ಹೇಳಿ ಕಳಿಸಿದರು. ಆ ಮಾತುಗಳನ್ನು ನೆನಪಿದ್ದಷ್ಟು ಅವರ ಧಾಟಿಯಲ್ಲೇ ಕೊಡುತ್ತೇನೆ: "ಮೊದಲು ಸೀರೀಸ್ ಬೋರ್ಡಿಗೆ ಹಾಕಿ. ನೂರು ವಾಟಿನ ಹಳೇ ಬಲ್ಬೇ ಆಗಬೇಕು, ಎಲ್‌ಇಡಿ ಆಗಲ್ಲ. ಬಲ್ಬು ಒಂದ್ಸಲ ಝಗ್ ಅಂದು ಮಂಕಾದ್ರೆ ಒಳ್ಳೇದು. ಹತ್ತಿಕೊಂಡೇ ಇದ್ರೆ ಒಳಗೆ ಶಾರ್ಟ್, ಆರಿಸಿಬಿಡಿ. ಸ್ಪೀಕರ್ ಈಗಲೇ ಕಟ್ಟಬೇಡಿ. ಔಟ್‌ಪುಟ್ಟಿನಲ್ಲಿ ಡಿ.ಸಿ. ಎಷ್ಟಿದೆ ನೋಡಿ, ಐವತ್ತು ಮಿಲಿವೋಲ್ಟಿನ ಒಳಗಿದ್ರೆ ಕಟ್ಟಿ. ಆರಿಸಿದ ಮೇಲೂ ದೊಡ್ಡ ಕಂಡೆನ್ಸರಿಗೆ ಕೈಯಿಡಬೇಡಿ, ಅದರಲ್ಲಿ ಕರೆಂಟು ಕೂತಿರುತ್ತೆ; ಅಳೆದು ಸೊನ್ನೆಯಾಗಿದೆ ಅಂತ ನೋಡಿ ಆಮೇಲೆ ಮುಟ್ಟಿ."

ಬಲ್ಬಿನ ಯುಕ್ತಿಯನ್ನು ತಿಳಿಯದವರಿಗೆ ಒಂದು ಮಾತು. ಮನೆಗೆ ಬರುವ ವಿದ್ಯುತ್ತಿನ ದಾರಿಯಲ್ಲಿ ಬಲ್ಬನ್ನು ಸಾಲಾಗಿ ಸೇರಿಸಿದರೆ, ಒಳಗೆ ಎಷ್ಟೇ ಕೆಟ್ಟಿದ್ದರೂ ಬಲ್ಬು ಬಿಡುವಷ್ಟೇ ಕರೆಂಟು ಹರಿಯುತ್ತದೆ. ಟ್ರಾನ್ಸಿಸ್ಟರು ಸುಡುವ ಬದಲು ಬಲ್ಬು ಬೆಳಗುತ್ತದೆ. ತಪ್ಪು ಮಾಡುವವನಿಗೆ ತಪ್ಪನ್ನು ತಿದ್ದಿಕೊಳ್ಳಲು ಕಾಲ ಸಿಗುತ್ತದೆ. ಇದೊಂದನ್ನು ಮೊದಲೇ ಓದಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು.

ಈಗ ಆ ಮಾತುಗಳನ್ನು ಗದ್ಯವೆಂದು ನೋಡಿರಿ. ಒಂದೊಂದು ವಾಕ್ಯವೂ ಕ್ರಿಯಾಪದದ ಮೇಲೆ ನಿಂತಿದೆ. 'ಹಾಕಿ', 'ನೋಡಿ' ಎಂಬ ವಿಧ್ಯರ್ಥ. 'ಮಂಕಾದ್ರೆ', 'ಹತ್ತಿಕೊಂಡೇ ಇದ್ರೆ' ಎಂಬ ಪಕ್ಷಾರ್ಥ. 'ಕಟ್ಟಬೇಡಿ' ಎಂಬ ನಿಷೇಧ. ವ್ಯಾಕರಣದ ತರಗತಿಯಲ್ಲಿ ನಾವು ಬೇರೆಬೇರೆ ದಿನ ಪಾಠ ಹೇಳುವ ಮೂರು ರೂಪಗಳು ಇಲ್ಲಿ ಒಂದರ ಕೈ ಒಂದು ಹಿಡಿದು ನಡೆಯುತ್ತವೆ. ನಾಮಪದಗಳೆಲ್ಲ ಇಂಗ್ಲಿಷಿನವು, ನಿಜ. ಆದರೆ ಕನ್ನಡವಿರುವುದು ಕ್ರಿಯೆಯಲ್ಲಿ. ಅವರ ಬಾಯಲ್ಲಿ ಫ್ಯೂಸು 'ಹೋಗುತ್ತದೆ', ಕಂಡೆನ್ಸರು 'ಉಬ್ಬುತ್ತದೆ', ಬೆಸುಗೆ 'ಬಿಡುತ್ತದೆ', ಕರೆಂಟು 'ಕೂತಿರುತ್ತದೆ'. ನಾವು ವಿದ್ವಾಂಸರು ನೂರು ವರ್ಷದಿಂದ ನಾಮಪದಗಳನ್ನು ಟಂಕಿಸಿದೆವು, ಕೋಶಗಳನ್ನು ಕಟ್ಟಿದೆವು. ಕ್ರಿಯಾಪದಗಳನ್ನು ಅವರವರ ಪಾಡಿಗೆ ಪೇಟೆಯ ಓಣಿಯಲ್ಲಿ ಬಿಟ್ಟೆವು.

ಹಾಗೆಂದ ಮಾತ್ರಕ್ಕೆ ಮೆಕ್ಯಾನಿಕ್ಕಿನ ಮಾತನ್ನು ಹಾಗೆಯೇ ಅಚ್ಚು ಹಾಕಿದರೆ ಕೈಪಿಡಿಯಾಯಿತೆಂದು ನಾನು ಹೇಳುತ್ತಿಲ್ಲ. ಮನೆಗೆ ಬಂದು ಕುಳಿತಾಗ ಅವರು ಹೇಳಿದ್ದರಲ್ಲಿ ಅರ್ಧ ಉಪಯೋಗಕ್ಕೆ ಬರಲಿಲ್ಲ. ಏಕೆಂದರೆ ಅವರು "ಇಲ್ಲಿಂದ ಇಲ್ಲಿಗೆ ಹಿಡಿದು ನೋಡಿ" ಎಂದಿದ್ದರು. ಆ 'ಇಲ್ಲಿ' ಅವರ ಬೆರಳಿನ ತುದಿಯಲ್ಲಿ ಉಳಿದುಬಿಟ್ಟಿತ್ತು. ಬೆರಳಿಲ್ಲದ ಕಡೆ ಹೆಸರು ಬೇಕು. ಅಲ್ಲಿ ಕೋಶಕಾರನಿಗೂ ಕೆಲಸವಿದೆ. ಬರಹವೆಂದರೆ ಬೆರಳನ್ನು ಮಾತಾಗಿಸುವುದು, ಅದು ಸುಲಭವಲ್ಲ. ಆದರೆ ಆ ಕೆಲಸಕ್ಕೆ ಯಾರಾದರೂ ಕೈಹಾಕಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ಹಾಕಿದವರಿದ್ದರು. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವೇ ದೋಷ ಹುಡುಕುವ ಗ್ರಂಥ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದ ಮೊದಲ ಪರಿಚ್ಛೇದ ದೋಷಾದೋಷಗಳನ್ನು ಕುರಿತದ್ದು. ಇಂಥದು ದೋಷವೆಂದು ಲಕ್ಷಣ ಹೇಳಿ ಸುಮ್ಮನಾಗದೆ, ಕೆಟ್ಟ ಪದ್ಯವನ್ನೂ ಅದನ್ನು ತಿದ್ದಿದ ಬಗೆಯನ್ನೂ ಒಟ್ಟಿಗಿಟ್ಟು ತೋರಿಸುವ ಕ್ರಮ ಅದರದು. ಅಲಂಕಾರಶಾಸ್ತ್ರವೆಂದು ನಾವು ಅದನ್ನು ಓದಿಸುತ್ತೇವೆ. ದುರಸ್ತಿಯ ಕೈಪಿಡಿಯೆಂದು ಓದಿಸಿದರೂ ಸಲ್ಲುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ದಲ್ಲಿ ನೆಲದಲ್ಲಿ ನೀರು ಕಾಣುವುದನ್ನೂ ಗಿಡಮರಗಳ ರೋಗಕ್ಕೆ ಮದ್ದನ್ನೂ ಅಡಿಗೆಯನ್ನೂ ಹೇಳಿದ. ಹನ್ನೆರಡನೆಯ ಶತಮಾನದ ಚಾಲುಕ್ಯ ಅರಸುಮಗ ಕೀರ್ತಿವರ್ಮ ಹಸುವಿನ ಕಾಯಿಲೆಗಳಿಗಾಗಿ 'ಗೋವೈದ್ಯ'ವನ್ನು ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಕ್ಕೆ ಮದ್ದು ಹೇಳುವ ಗ್ರಂಥ. ಹಸು ಎಷ್ಟು ಸುಂದರ ಪ್ರಾಣಿಯೆಂದು ವರ್ಣಿಸಿ ನಿಲ್ಲಿಸಿದ್ದರೆ ಕೀರ್ತಿವರ್ಮನಿಂದ ಯಾವ ಗೊಲ್ಲನಿಗೆ ಏನು ಪ್ರಯೋಜನವಾಗುತ್ತಿತ್ತು? ಅವನು ಮಲಗಿದ ಹಸುವಿನ ಬಳಿಗೆ ಹೋದ.

ನಮ್ಮ ಕಾಲದ ವಿಜ್ಞಾನ ಸಾಹಿತ್ಯದ ಹಿರಿಯರನ್ನು ಸಣ್ಣವರೆಂದು ಹೇಳುವ ಮಾತು ಇದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಾಗ ಎದುರಿಗಿದ್ದದ್ದು ಬರಿಯ ಬಯಲು. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ವನ್ನೂ ಆಮೇಲೆ 'ವಿಜ್ಞಾನ ಪ್ರಪಂಚ'ವನ್ನೂ ಒಬ್ಬರೇ ಕುಳಿತು ಕಟ್ಟಿದರು. ಜಗತ್ತು ಹೇಗಿದೆಯೆಂದು ಕನ್ನಡದಲ್ಲಿ ಹೇಳಬಹುದೆಂಬುದನ್ನು ಅವರೆಲ್ಲ ಸಾಧಿಸಿ ತೋರಿಸಿದರು. ಅದರ ಮುಂದಿನ ಹೆಜ್ಜೆ, ಜಗತ್ತಿನ ಒಂದು ಸಣ್ಣ ಭಾಗ ಕೆಟ್ಟಾಗ ಏನು ಮಾಡಬೇಕೆಂದು ಹೇಳುವುದು. ಅದನ್ನು ನಾವು ಇಡಲಿಲ್ಲ. ಕಾರಣ ಅನುಭವದ ಬಡತನವಲ್ಲ. ಆಕಾಶವಾಣಿಯೆಂಬ ಹೆಸರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ್ದು 1935ರಲ್ಲಿ, ಮೈಸೂರಿನಲ್ಲಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ವಾಲ್ವುಗಳೂ ಮರುವರ್ಷ ಜರ್ಮೇನಿಯಂ ಅರೆವಾಹಕಗಳೂ ತಯಾರಾಗತೊಡಗಿದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳದ ರೇಡಿಯೋ ರಿಪೇರಿಯವರು ನಮ್ಮ ಕಡೆ ಕಡಮೆ. ಇಷ್ಟು ಕೈಗಳು ಇಷ್ಟು ವರ್ಷ ಕಲಿತದ್ದು ಗದ್ಯಕ್ಕೆ ಇಳಿಯಲಿಲ್ಲ. ಬರೆಯುವವರು ಬಿಚ್ಚಲಿಲ್ಲ, ಬಿಚ್ಚುವವರನ್ನು ಬರೆಯಿರೆಂದು ಯಾರೂ ಕೇಳಲಿಲ್ಲ. ಇಂಗ್ಲೆಂಡಿನಲ್ಲಿ 1947ರಲ್ಲಿ ವಿಲಿಯಮ್ಸನ್ ಎಂಬ ಎಂಜಿನಿಯರು ತಾನು ರೂಪಿಸಿದ ಆಂಪ್ಲಿಫೈಯರನ್ನು 'ವೈರ್‌ಲೆಸ್ ವರ್ಲ್ಡ್' ಎಂಬ ಪತ್ರಿಕೆಯಲ್ಲಿ ವಿವರಿಸಿದಾಗ ಓದುಗರು ಅದನ್ನು ಮನೆಯಲ್ಲೇ ಕಟ್ಟಿಕೊಂಡರು. ಅಲ್ಲಿ ಎಂಜಿನಿಯರನಿಗೂ ಓದುಗನಿಗೂ ನಡುವೆ ಒಂದು ಗದ್ಯವಿತ್ತು.

"ಇಂಗ್ಲಿಷಿನಲ್ಲಿ ಎಲ್ಲ ಇದೆಯಲ್ಲ, ಕನ್ನಡದಲ್ಲೇಕೆ?" ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಒಂದು ಉತ್ತರವನ್ನು ಶಬ್ದದಿಂದಲೇ ಕೊಡಬಲ್ಲೆ. ಕೆಟ್ಟ ಆಂಪ್ಲಿಫೈಯರು ಮೊದಲು ಮಾತಾಡುವುದು ಕಿವಿಗೆ. ವಾಲ್ಯೂಮ್ ತಿರುಗಿಸಿದರೆ ಚರಚರ ಎಂದರೆ ಆ ತಿರುಗಣೆಯಲ್ಲಿ ಧೂಳು ಕೂತಿದೆ. ಮುಟ್ಟದಿದ್ದರೂ ಆಗಾಗ ಕರಕರ ಎಂದರೆ ಎಲ್ಲೋ ಬೆಸುಗೆ ಬಿಟ್ಟಿದೆ. ಸ್ವಿಚ್ ಹಾಕಿದೊಡನೆ ಧಡ್ ಎಂದು ಸ್ಪೀಕರಿನ ಕಾಗದ ಮುಂದಕ್ಕೆ ನೂಕಿ ಅಲ್ಲೇ ನಿಂತರೆ ಡಿ.ಸಿ. ಬಂದಿದೆ, ಓಡಿಹೋಗಿ ಆರಿಸಬೇಕು. ಸುಮ್ಮನೆ ಗುಂಯ್ ಎನ್ನುತ್ತಿದ್ದರೆ ಅದು ಬೇರೆಯ ಕಥೆ. ಕೇಶಿರಾಜನ ಕಾಲದಿಂದ ನಾವು ಅನುಕರಣಾವ್ಯಯವೆಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದಗಳಿಗೆ ಇಷ್ಟು ನಿಖರವಾದ ಉಪಯೋಗವನ್ನು ನಾನು ಇದುವರೆಗೆ ಕಂಡಿರಲಿಲ್ಲ. ಇಂಗ್ಲಿಷರೂ ಇದನ್ನು ಮಾಡಿದ್ದಾರೆ. ಡುಗುಡುಗು ಎನ್ನುವ ಒಂದು ದೋಷಕ್ಕೆ ಅವರು ಮೋಟರ್‌ಬೋಟಿನ ಹೆಸರಿಟ್ಟಿದ್ದಾರೆ. ಆದರೆ ಗುಂಯ್‌ಗೂ ಗೊರ್‌ಗೂ ಇರುವ ಭೇದ ನಮ್ಮ ಮನೆಯ ಅಜ್ಜಿಗೂ ಗೊತ್ತು. ರೋಗಿಯ ಭಾಷೆಯಲ್ಲಿ ರೋಗಲಕ್ಷಣ ಕೇಳದ ವೈದ್ಯನು ಎಷ್ಟು ಓದಿದ್ದರೇನು?

ನಮ್ಮ ಪೆಟ್ಟಿಗೆಯಲ್ಲಿ ಕೊಂದವನು ಸಿಕ್ಕಿದ. ದೊಡ್ಡ ಟ್ರಾನ್ಸಿಸ್ಟರುಗಳ ಪಕ್ಕದಲ್ಲಿ, ಅದೇ ಹೀಟ್ ಸಿಂಕಿಗೆ ಒತ್ತಿಕೊಂಡು ಕಡಲೆಕಾಳಿನಷ್ಟು ಸಣ್ಣದೊಂದು ಟ್ರಾನ್ಸಿಸ್ಟರಿತ್ತು. ದೊಡ್ಡವು ಸುಮ್ಮನಿರುವಾಗ ಅವುಗಳಲ್ಲಿ ಎಷ್ಟು ಕರೆಂಟು ಹರಿಯಬೇಕೆಂದು ಹಿಡಿತದಲ್ಲಿಡುವುದು ಅದರ ಕೆಲಸ. ಅವು ಬಿಸಿಯಾದರೆ ತಾನೂ ಬಿಸಿಯಾಗಿ ಲಗಾಮು ಎಳೆಯುತ್ತದೆ. ಇದೇ ಬಯಾಸ್. ಆ ಸಣ್ಣದರಿಂದ ಬೋರ್ಡಿಗೆ ಬಂದಿದ್ದ ಮೂರು ತಂತಿಗಳಲ್ಲಿ ಒಂದರ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ನೋಡಿದರೆ ಅಂಟಿದಂತೆಯೇ ಇತ್ತು. ಪೆನ್ಸಿಲಿನಿಂದ ಒತ್ತಿದರೆ ಅಲುಗಿತು. ಲಗಾಮು ಕಡಿದ ಕುದುರೆಗಳಂತೆ ದೊಡ್ಡವೆರಡೂ ಪೂರ್ತಿ ತೆರೆದುಕೊಂಡು ತಮ್ಮನ್ನು ತಾವೇ ಸುಟ್ಟುಕೊಂಡಿದ್ದವು. ನಾನು ತಂದ ಹೊಸ ಜೋಡಿಗೂ ಅದೇ ಗತಿಯಾಗಿತ್ತು. ಕಾವ್ಯವನ್ನು ಓದಿಸುವವನಾಗಿ ನನಗೆ ನಾಚಿಕೆಯಾಯಿತು. ಎದ್ದು ಕಾಣುವ ಪದವನ್ನೇ ಹಿಡಿದು ಪದ್ಯ ಕೆಟ್ಟಿದೆಯೆನ್ನುವ ವಿದ್ಯಾರ್ಥಿಗೆ, ಹಿಂದಿನ ಪಾದದಲ್ಲಿರುವ ವಿಭಕ್ತಿಯನ್ನು ನೋಡು ಎಂದು ಎಷ್ಟು ಸಲ ಗದರಿಸಿಲ್ಲ!

ಬೆಸುಗೆ ಹಾಕಿದೆ. ಸೀರೀಸ್ ಬೋರ್ಡಿನ ಬಲ್ಬು ಝಗ್ ಎಂದು ಮಂಕಾಯಿತು. 0.33 ಓಮಿನ ರೆಸಿಸ್ಟರಿನ ಎರಡು ತುದಿಗೆ ಮೀಟರು ಹಿಡಿದೆ: 10 ಮಿಲಿವೋಲ್ಟ್, ಎಂದರೆ 30 ಮಿಲಿಆಂಪಿಯರ್ ಕರೆಂಟು. ಸರಿಯಾದ ಎಡಗಡೆಯಲ್ಲೂ ಅಷ್ಟೇ ಇತ್ತು. ಬಲಗಡೆಯ ಪ್ರೀಸೆಟ್ಟನ್ನು ನಾನು ಮುಟ್ಟಿರಲಿಲ್ಲ. 1994ರಲ್ಲಿ ಯಾರೋ ಇಟ್ಟಲ್ಲೇ ಅದು ಇತ್ತು. "ಸರಿ ಇದೆ" ಎಂದು ಅವರು ಬರೆದದ್ದು ಇನ್ನೂ ಸರಿಯಾಗಿಯೇ ಇತ್ತು.

ಆ ಚೀಟಿಯನ್ನು ಈಗ ಮತ್ತೆ ಓದಿದೆ. ನಾಲ್ಕೈದು ಪದ. ಮೊದಲನೆಯದು ನಿಷೇಧ, ಎರಡನೆಯದು ಅದಕ್ಕೆ ಕಾರಣ, ಮೂರನೆಯದು ದಿನಾಂಕ. ಯಾರಿಗೆ ಬರೆದದ್ದು? ಮುಂದೆಂದೋ ಮುಚ್ಚಳ ತೆಗೆಯುವ, ತಾನು ಎಂದೂ ಕಾಣದ ಒಬ್ಬನಿಗೆ. ಅವನನ್ನು 'ಬೇಡ' ಎನ್ನದೆ 'ಬೇಡಿ' ಎಂದು ಬಹುವಚನದಲ್ಲಿ ಕರೆದಿದ್ದಾರೆ. ಮುಂದಿನವನು ತನ್ನಂತೆಯೇ ಕೈ ನಡೆಸುವವನು, ಬಹುಶಃ ತನಗಿಂತ ಕಡಮೆ ತಿಳಿದವನು, ಆದರೂ ಮರ್ಯಾದೆಗೆ ಅರ್ಹನು ಎಂಬ ಭಾವ ಆ ಒಂದು ಇಕಾರದಲ್ಲಿದೆ. ನಾನು ತಿರುವಿದ ಏಳೆಂಟು ಪುಸ್ತಕಗಳಲ್ಲಿ ಇಂಥ ಓದುಗನನ್ನು ಮನಸ್ಸಿನಲ್ಲಿಟ್ಟು ಬರೆದ ಒಂದು ವಾಕ್ಯವನ್ನೂ ನಾನು ಕಾಣಲಿಲ್ಲ.

ಕೊನೆಗೊಂದು ಗುಂಯ್ ಉಳಿದಿತ್ತು. ಗುಂಯ್‌ಗಳಲ್ಲಿ ಎರಡು ಜಾತಿ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಆಡುವುದರಿಂದ, ತಂತಿಯ ಹೊರಹೆಣಿಗೆ ಬಿಟ್ಟು ಗುಂಯ್ ಬಂದರೆ ಅದು 50ರದು. ಪೆಟ್ಟಿಗೆಯೊಳಗಿನ ದೊಡ್ಡ ಕಂಡೆನ್ಸರು ಒಣಗಿ ಬಂದರೆ 100ರದು, ಎಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ನನಗೆ ಎರಡೂ ಒಂದೇ ಎನಿಸಿತು. ತಂದೆಯವರನ್ನು ಕರೆದು ಕೂರಿಸಿದೆ. ಮುದಿ ಕಿವಿಗೆ ಮೊದಲು ತಪ್ಪಿಹೋಗುವುದು ಮೇಲಿನ ಸ್ವರ. ಕೆಳಗಿನದು ಬಹುಕಾಲ ಉಳಿದಿರುತ್ತದೆ. ಇನ್‌ಪುಟ್ ತಂತಿಯ ತುದಿಗೆ ಬೆರಳು ಮುಟ್ಟಿಸಿ 50ರ ಗುಂಯ್ ಕೇಳಿಸಿದೆ. ಬೆರಳು ತೆಗೆದೆ. "ಅದೇ ಷಡ್ಜ ಕಣೋ, ಸಣ್ಣಗಿದೆ ಅಷ್ಟೆ" ಎಂದರು. ಮೊಬೈಲಿನಿಂದ ಬರುವ ತಂತಿಯನ್ನು ಬದಲಾಯಿಸಿದೆ. ನಿಂತಿತು.

ಮುಚ್ಚಳ ಹಾಕುವ ಮುನ್ನ ಆ ಚೀಟಿಯ ಕೆಳಗೆ ನಾನೂ ಒಂದು ಸಾಲು ಬರೆಯಬೇಕೆಂದು ಪೆನ್ಸಿಲು ಹಿಡಿದೆ. ಮೊದಲು ಕಾಗದದ ಮೇಲೆ ಬರೆದು ನೋಡಿದೆ. ಮೊದಲ ಕರಡಿನಲ್ಲಿ 'ಸಂಪರ್ಕ ತಂತುವು ವಿಚ್ಛಿನ್ನಗೊಂಡಿದ್ದಿತು' ಎಂದು ಬಂತು, ಹೊಡೆದುಹಾಕಿದೆ. ಎರಡನೆಯದು ಉದ್ದವಾಯಿತು. ಮೂರನೆಯದನ್ನು ಚೀಟಿಗೆ ಇಳಿಸಿದೆ: "ಬಲಗಡೆ ಬಯಾಸ್ ಟ್ರಾನ್ಸಿಸ್ಟರಿನ ತಂತಿ ಬೆಸುಗೆ ಬಿಟ್ಟಿತ್ತು, ಹಾಕಿದೆ. ಮತ್ತೆ ಫ್ಯೂಸ್ ಹೋದರೆ ಮೊದಲು ಅದನ್ನು ನೋಡಿ." ತಂದೆಯವರು ಕನ್ನಡಕ ತರಿಸಿ ಓದಿದರು. ತಾರೀಖು ಹಾಕಲಿಲ್ಲವಲ್ಲ, ಎಂದರು. ಹಾಕಿದೆ.